ಕತ್ತಲಾದರೂ ಗೂಡು ಸೇರದ ಕೋಳಿಗಳು

ಹೊಸದಾಗಿ ತಂದ ಕೋಳಿಗಳು ಸಂಜೆಯಾದರೆ ಗೂಡು ಬಿಟ್ಟು ಮರ ಹತ್ತುತ್ತಿವೆ ಅಂದರೆ, ಗೂಡು ತಮ್ಮ ಮನೆ ಅಂತ ಅವಕ್ಕಿನ್ನೂ ಅನ್ನಿಸಿಲ್ಲ. ಬಹುಪಾಲು ಅಷ್ಟೇ ಕಾರಣ. ನಮ್ಮವೂ ಹೀಗೇ ಮಾಡಿದ್ದವು.

ಮೊದಲು 5-7 ದಿನ ಹೊರಗೆ ಬಿಡಲೇಬೇಡಿ. ಕಾಳು, ನೀರು ಎಲ್ಲ ಒಳಗೇ ಕೊಡಿ, ಗಾಳಿ ಆಡುವಂತಿರಲಿ. ಆಮೇಲೆ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಮಾತ್ರ ಬಿಟ್ಟು, ಕೊನೆಯ ಮೇವನ್ನು ಗೂಡಿನೊಳಗೇ ಹಾಕಿ. ಕಾಳಿನ ಡಬ್ಬಿ ಅಲ್ಲಾಡಿಸಿದ ಸದ್ದು ಕಿವಿಗೆ ಬಿದ್ದರೆ ಸಾಕು, ರೆಕ್ಕೆ ಅಗಲಿಸಿಕೊಂಡು ಓಡಿ ಬರುವುದನ್ನು ಬೇಗ ಕಲಿಯುತ್ತವೆ.

ಕೂರುವ ಕೋಲು ಮೊಟ್ಟೆ ಇಡುವ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ. ಮಬ್ಬು ಬೆಳಕಿನಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣದು, ಮುಸ್ಸಂಜೆಗೆ ಒಳಗೊಂದು ಸಣ್ಣ ದೀಪ ಹಾಕಿ, ಎಲ್ಲ ಕೂತ ಮೇಲೆ ಆರಿಸಿ. ಆದರೂ ಹೊರಗುಳಿದವನ್ನು ಕತ್ತಲಾದ ಮೇಲೆ ಮೆಲ್ಲಗೆ ಎತ್ತಿ ತಂದು ಕೋಲಿನ ಮೇಲೆ ಕೂರಿಸಿ. ದಯವಿಟ್ಟು ಅಟ್ಟಾಡಿಸಬೇಡಿ, ಬೆದರಿದರೆ ಗೂಡೆಂದರೇ ಹೆದರುತ್ತವೆ.

ಒಳಗೆ ಮಲಗುತ್ತಿದ್ದ ಕೋಳಿಗಳು ಈಗ ಏಕಾಏಕಿ ಗೂಡು ಬಿಟ್ಟಿದ್ದರೆ ನುಸಿ, ಅಂದರೆ ರಾತ್ರಿ ಕೋಳಿಯ ರಕ್ತ ಹೀರುವ ಸಣ್ಣ ಹುಳು, ಇರಬಹುದು. ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿಭಾಗ, ಸಂದುಗಳನ್ನು ನೋಡಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ರಕ್ತದಂಥ ಕಲೆ ಬಂದರೆ ಮೊದಲು ಗೂಡು ಉಜ್ಜಿ ತೊಳೆಯಿರಿ, ಔಷಧಿಗೆ ಪಶುವೈದ್ಯರನ್ನು ಕೇಳಿ.