ನಮ್ಮೂರಿನ ರಸ್ತೆ ಕಾಮಗಾರಿಯ ಮೇಲೆ ವಿಡಂಬನೆಯ ನಾಟಕ ಬರೆಯುತ್ತಿದ್ದೇನೆ, ಹೆಸರು ಬದಲಾಯಿಸಿದರೆ ಸಾಕೇ?

ಸಾಲದು. ಹೆಸರು ಬದಲಾಯಿಸುವ ಕೆಲಸವನ್ನು ನಾನೂ ಮಾಡಿದ್ದೆ.

ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗಣೇಶನ ಹಬ್ಬಕ್ಕೆಂದು ಟ್ಯಾಂಕರ್ ನೀರಿನ ಮೇಲೆ ನಾಟಕ ಬರೆದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ದೂಳು ಏಳುವ ಸೀಮೆ ನಮ್ಮದು. ಬಾರದ ಟ್ಯಾಂಕರಿಗೂ ಬಿಲ್ಲು ಪಾಸಾಗುತ್ತಿತ್ತು. ಪಂಚಾಯಿತಿ ಸದಸ್ಯರಿಗೂ ಊರಿಗೂ ಬೇರೆ ಹೆಸರಿಟ್ಟು, ಅರ್ಧ ಮಾತುಗಳನ್ನು ತೆಲುಗಿನಲ್ಲೇ ಆಡಿಸಿದೆ. ಆ ಸದಸ್ಯರು ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ವೇದಿಕೆ ಹತ್ತಿ ನನಗೆ ಶಾಲು ಹೊದಿಸಿದರು!

ಎಡವಿದ್ದು ಬೇರೆ ಕಡೆ. ಟ್ಯಾಂಕರ್ ಕೆಟ್ಟು ಗ್ಯಾರೇಜಿನಲ್ಲಿ ನಿಂತಿದ್ದ ದಿನಗಳಲ್ಲೂ ಲೋಡು ಬರೆದಿದ್ದ ಪುಸ್ತಕವನ್ನು ಒಂದು ಪಾತ್ರ ಜೋರಾಗಿ ಓದುತ್ತದೆ. ಭಾರಿ ಚಪ್ಪಾಳೆ ಬಿದ್ದ ದೃಶ್ಯ. ಬಿಲ್ಲು ಸುಳ್ಳೆಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಯಾವ ದಿನ ಎಷ್ಟು ಲೋಡು ಬರೆದಿದೆ ಎಂಬುದು ಬರೆಸಿದವರಿಗೆ, ಬರೆದ ನೀರುಗಂಟಿಗೆ (ಊರಿಗೆ ನೀರು ಬಿಡುವವನಿಗೆ) ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ನೀರುಗಂಟಿ ನನ್ನ ಬಾಲ್ಯದ ಗೆಳೆಯ. ಚಹಾ ಕುಡಿಯುತ್ತಾ ನನಗೊಬ್ಬನಿಗೇ ಹೇಳಿದ್ದ. ನಾನು ಅದನ್ನು ದಿನಾಂಕ ಸಮೇತ ಇಟ್ಟೆ. ನಿಜವೆನಿಸಲಿ ಎಂಬ ಚಪಲ, ಅಷ್ಟೇ. ದಿನಾಂಕವಿಲ್ಲದೆ ‘ಒಂದಷ್ಟು ಲೋಡು’ ಎಂದಿದ್ದರೂ ಜನ ನಗುತ್ತಿದ್ದರು. ಹಬ್ಬ ಮುಗಿದ ಕೆಲವೇ ವಾರಗಳಲ್ಲಿ ಅವನ ಕೆಲಸ ಹೋಯಿತು. ನನ್ನೊಡನೆ ಇಂದಿಗೂ ಮಾತಿಲ್ಲ.

ಆದ್ದರಿಂದ ಸದಸ್ಯರು ಸಿಟ್ಟಾಗುತ್ತಾರೆಂಬ ಭಯವನ್ನು ಪಕ್ಕಕ್ಕಿಡಿ. ಅಧಿಕಾರದಲ್ಲಿರುವವರು ಗೇಲಿಯನ್ನು ಜೀರ್ಣಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಅದರಿಂದಲೇ ಮೈ ತುಂಬಿಕೊಳ್ಳುತ್ತಾರೆ. ಒಬ್ಬರನ್ನೇ ಹಿಡಿದು ಬಡಿಯುವ ನಾಟಕ ನನಗೀಗ ರುಚಿಸುವುದೂ ಇಲ್ಲ. ಗಿರೀಶ ಕಾರ್ನಾಡರ ನಾಟಕ ‘ತುಘಲಕ್’ 14ನೆಯ ಶತಮಾನದ ದೆಹಲಿ ಸುಲ್ತಾನನ ಕಥೆಯಾದರೂ, 1964ರಲ್ಲಿ ಬಂದಾಗ ಅನೇಕರಿಗೆ ಅದರಲ್ಲಿ ನೆಹರೂ ಕಾಲವೇ ಕಂಡಿತು. ನನ್ನನ್ನು ಕುಟುಕಿದ್ದು ಮಾತ್ರ ಸುಲ್ತಾನನಲ್ಲ, ಅವನ ಒಂದೊಂದು ಆದರ್ಶವನ್ನೂ ತನ್ನ ಲಾಭಕ್ಕೆ ತಿರುಗಿಸಿಕೊಳ್ಳುವ ಅಗಸ ಅಜೀಜ್. ನನ್ನ ನಾಟಕದಲ್ಲಿ ಅಂಥವನಿರಲಿಲ್ಲ. ಸರದಿ ತಪ್ಪಿಸಿ ಬಿಂದಿಗೆ ಇಡುತ್ತಿದ್ದವರು (ನಮ್ಮ ಮನೆಯವರೂ ಸೇರಿ), ಸದಸ್ಯರಿಗೆ ಫೋನ್ ಮಾಡಿ ಸಂಪು ತುಂಬಿಸಿಕೊಳ್ಳುತ್ತಿದ್ದವರು ಯಾರೂ ವೇದಿಕೆ ಹತ್ತಲಿಲ್ಲ. ಎಲ್ಲರೂ ನಿರಾಳವಾಗಿ ನಕ್ಕು ಮನೆಗೆ ಹೋದರು.

ಕಾಮಗಾರಿಯ ಅಳತೆ ಪುಸ್ತಕದ (ಎಷ್ಟು ಕೆಲಸವಾಯಿತೆಂದು ಬರೆದಿಡುವ ದಾಖಲೆಯ) ವಿವರವನ್ನು ನಿಮಗೂ ಯಾರಾದರೂ ಕೊಟ್ಟಿದ್ದರೆ, ತಾಲೀಮಿಗೆ ಮೊದಲು ನಿಮ್ಮ ನಾಟಕವನ್ನು ಅವರಿಗೆ ಓದಿ ಹೇಳಿ. ಅವರು ಬೇಡವೆಂದ ಸಾಲನ್ನು ವಾದ ಮಾಡದೆ ತೆಗೆಯಿರಿ.