ಕಂಪನಿಯ 3 ಲಕ್ಷದ ಆರೋಗ್ಯ ವಿಮೆ ಇದ್ದರೂ ಸ್ವಂತ ಪಾಲಿಸಿ ಬೇಕೇ?

ನಿಮಗೆ 24 ವರ್ಷ, ಕಂಪನಿಯ 3 ಲಕ್ಷದ ಗ್ರೂಪ್ ಕವರ್ ಇದೆ, ಚಿಕ್ಕಂದಿನಲ್ಲಿ ಆಸ್ತಮಾ ಇತ್ತು, ಈಗಲೂ ಆಗಾಗ ಇನ್ಹೇಲರ್ ಬೇಕಾಗುತ್ತದೆ ಅಂದಿದ್ದೀರಿ. ಸ್ವಂತ ಪಾಲಿಸಿ ಈಗಲೇ ಮಾಡಿಸಿ. ಕೆಲಸ ಬಿಟ್ಟರೆ ಗ್ರೂಪ್ ಕವರ್ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಯ ಕ್ಲೇಮ್‌ಗೆ ವಿಮಾ ಕಂಪನಿ ಗರಿಷ್ಠ 36 ತಿಂಗಳು ಕಾಯಿಸಬಹುದು. ಆ ಲೆಕ್ಕ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಪ್ರೀಮಿಯಂಗಿಂತ ಮೊದಲು ರೂಮ್ ಬಾಡಿಗೆಯ ಷರತ್ತು ಓದಿ. 5 ಲಕ್ಷದ ಪಾಲಿಸಿಯಲ್ಲಿ ಮಿತಿ ವಿಮಾ ಮೊತ್ತದ ಶೇ 1 ಅಂತಿದ್ದರೆ ದಿನಕ್ಕೆ 5,000 ರೂಪಾಯಿ. ನೀವು 8,000ದ ರೂಮಿಗೆ ಸೇರಿದರೆ ಕಡಿತ ಆ ದಿನದ 3,000ಕ್ಕೆ ನಿಲ್ಲುವುದಿಲ್ಲ. ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಕ್ಕೂ ಎಂಟರಲ್ಲಿ ಐದು ಪಾಲು ಮಾತ್ರ ಸಿಗಬಹುದು. ಆ ಬಾಬ್ತು 1,60,000 ಆದರೆ 60,000 ನಿಮ್ಮ ಜೇಬಿನಿಂದ! ಔಷಧ, ಇಂಪ್ಲಾಂಟ್, ತಪಾಸಣೆಗೆ ಈ ಕಡಿತ ಹಾಕುವಂತಿಲ್ಲ. ಹಾಗಾಗಿ ರೂಮ್ ಮಿತಿ ಇಲ್ಲದ, ಕೋ-ಪೇ (ಪ್ರತಿ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನೀವೇ ಕಟ್ಟುವ ಷರತ್ತು) ಇಲ್ಲದ 10 ಲಕ್ಷದ ಪಾಲಿಸಿ ಹುಡುಕಿ.

ಆಸ್ತಮಾವನ್ನು ಖಂಡಿತ ಬರೆಯಿರಿ. ಏಜೆಂಟ್ "ಬೇಡ ಬಿಡಿ" ಅಂದರೂ ಕೇಳಬೇಡಿ, ಫಾರ್ಮನ್ನು ನೀವೇ ತುಂಬಿ. ಬರೆಯದೆ ಬಿಟ್ಟರೆ, ಮುಂದೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಬಾಲ್ಯದಿಂದ ಆಸ್ತಮಾ" ಎಂಬ ಒಂದು ಸಾಲು ಕಂಡರೂ ಸಾಕು, ಕ್ಲೇಮ್ ತಿರಸ್ಕರಿಸಲು ಅದೇ ಆಧಾರವಾಗಬಹುದು. ಬರೆದರೆ ಪ್ರೀಮಿಯಂ ಏರಬಹುದು, ಆಸ್ತಮಾಕ್ಕೆ ಕಾಯುವ ಅವಧಿ ಹಾಕಬಹುದು, ಕೆಲವೊಮ್ಮೆ ಪಾಲಿಸಿ ನಿರಾಕರಿಸಲೂಬಹುದು.

ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಕ್ಲೇಮ್ ಇರುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಹಿಂತಿರುಗಿಸಬಹುದು. ಆಸ್ತಮಾ ದಾಖಲಾಗಿದೆಯೇ ಅಂತ ಅಷ್ಟರಲ್ಲಿ ನೋಡಿಕೊಳ್ಳಿ.