ಗೀರು ಏಕೆ, ರೇಖೆ ಏಕಲ್ಲ?

ಓದುಗರ ಪತ್ರ: ಹಿಮನದಿಗಳ ಕುರಿತ ಲೇಖನದಲ್ಲಿ ‘ಬಂಡೆಯ ಮೇಲೆ ಉಳಿದ ಗೀರುಗಳು’ ಎಂದು ಬರೆದಿದ್ದೀರಿ. ಗೀರು ಅಂದರೆ ಮಕ್ಕಳು ಗೋಡೆಯ ಮೇಲೆ ಎಳೆಯುವಂಥದ್ದು. ವಿಜ್ಞಾನದ ಬರಹಕ್ಕೆ ‘ರೇಖೆ’ ಎಂಬ ಗೌರವದ ಪದ ಇರುವಾಗ ಇದೇಕೆ? ಅಷ್ಟಕ್ಕೂ ಈ ಗೀರು ಎಲ್ಲಿಂದ ಬಂತು?

ಸಂಪಾದಕರ ಉತ್ತರ: ಗೌರವದ ಮಾತು ಆಮೇಲಿರಲಿ, ಮೊದಲು ಆ ಬಂಡೆಯನ್ನೇ ನೋಡೋಣ. ಹಿಮ ಕಲ್ಲಿಗಿಂತ ಮೆದು. ಬರೀ ಹಿಮ ಬಂಡೆಯನ್ನು ಗೀರಲಾರದು. ಹಿಮನದಿಯ ತಳದಲ್ಲಿ ಹೆಪ್ಪುಗಟ್ಟಿ ಸಿಕ್ಕಿಕೊಂಡ ಕಲ್ಲುಚೂರುಗಳು ಮೇಲಿನ ಭಾರವನ್ನೆಲ್ಲ ಹೊತ್ತು ಬಂಡೆಯನ್ನು ಕೆರೆಯುತ್ತ ಸಾಗುತ್ತವೆ. ಆ ಗುರುತಿನ ಉದ್ದಕ್ಕೆ ಬೆರಳಾಡಿಸಿದರೆ ಸಲೀಸು, ಅಡ್ಡಕ್ಕೆ ಆಡಿಸಿದರೆ ತರಿತರಿ. ಒಂದು ಕಾಲದಲ್ಲಿ ಹಿಮನದಿಗಳು ಈಗಿಗಿಂತ ಬಹುದೂರ ಚಾಚಿದ್ದವು ಎಂದು 1840ರಲ್ಲಿ ವಾದಿಸಿದ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಇಂಥ ಗುರುತುಗಳನ್ನೂ ಸಾಕ್ಷಿಗೆ ಕರೆದಿದ್ದ. ರೇಖೆಗೆ ಈ ತರಿ ಇಲ್ಲ. ಭೂಮಧ್ಯರೇಖೆಗೆ ಆಳವೂ ಇಲ್ಲ, ಅಗಲವೂ ಇಲ್ಲ. ಅದು ನಾವು ಎಳೆದುಕೊಂಡದ್ದು.

ಇನ್ನು ಹುಟ್ಟಿನ ವಿಚಾರ. ಹಳಗನ್ನಡದಲ್ಲಿ ಇದು ‘ಗೀಱು’. ಆ ಱಕಾರ ಬಳಕೆ ತಪ್ಪಿದ ಮೇಲೆ ರಕಾರವಾಯಿತು. ತಮಿಳಿನ ‘ಕೀಱು’ ಇದರ ಒಡಹುಟ್ಟು. ಅಲ್ಲಿ ಗೀರುವುದಕ್ಕೂ ಸೀಳುವುದಕ್ಕೂ ಅದೇ ಮಾತು. ತೆಲುಗಿನ ‘ಗೀತ’ ಅಂದರೆ ಗೆರೆ, ಹಾಡಲ್ಲ! ನಮ್ಮ ‘ಗೀಚು’ ಕೂಡ ಇದೇ ಬಳಗದ್ದು. ನಾವು ಬೆಂಕಿಕಡ್ಡಿ ಗೀರುತ್ತೇವೆ, ಕನ್ನಡಕಕ್ಕೆ ಗೀರು ಬಿದ್ದರೆ ಪರದಾಡುತ್ತೇವೆ. ಎಲ್ಲೆಡೆಯೂ ಒಂದು ಗಟ್ಟಿ ವಸ್ತು ಇನ್ನೊಂದಕ್ಕೆ ಉಜ್ಜಿರಲೇಬೇಕು.

ಸಂಸ್ಕೃತದ ‘ರೇಖಾ’ಕ್ಕೆ ‘ಲೇಖಾ’ ಎಂಬ ಜೋಡಿ ಇದೆ. ಎರಡರ ಹಿಂದೆಯೂ ಇರುವ ‘ಲಿಖ್’ ಧಾತುವಿಗೆ ಕೆರೆಯುವುದು, ಗೀರುವುದು ಎಂಬ ಅರ್ಥವಿದೆ. ಬರೆಯುವುದು ಆಮೇಲೆ ಬಂದ ಅರ್ಥ. ಅಂದರೆ ನಿಮ್ಮ ಗೌರವದ ಪದವೂ ಹುಟ್ಟಿನಿಂದ ಗೀರೇ. ತಾಳೆಗರಿಯ ಮೇಲೆ ಬರೆದವರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಕಬ್ಬಿಣದ ಮೊನೆಯಿಂದ ಗರಿಯನ್ನು ಕೊರೆದು, ಆಮೇಲೆ ಕಾಡಿಗೆ ಬಳಿದು ಒರೆಸಿದರೆ ಮಸಿ ಉಳಿಯುತ್ತಿದ್ದುದು ಗೀರಿನೊಳಗೆ ಮಾತ್ರ.

‘ಬರೆ’ಯ ಬಗ್ಗೆ ನೀವು ಕೇಳಿಲ್ಲ, ಆದರೂ ಬಿಡಲು ಮನಸ್ಸಿಲ್ಲ. ತಮಿಳಿನ ‘ವರೈ’ ನಮ್ಮಲ್ಲಿ ‘ಬರೆ’, ಅವರ ‘ವಿಲ್’ ನಮ್ಮ ‘ಬಿಲ್ಲು’ ಆದ ಹಾಗೆ. ಕ್ರಿಯಾಪದವಾದರೆ ಅಕ್ಷರ ಮೂಡಿಸುವುದು. ನಾಮಪದವಾದರೆ ಕಾದ ಕಬ್ಬಿಣ ಮೈಮೇಲೆ ಉಳಿಸಿದ ಗುರುತು. ಹುಲಿಯನ್ನು ನೋಡಿ ನರಿ ಎಳೆದುಕೊಂಡದ್ದು ಬರೆ. ಹುಲಿಗಿರುವುದು ಪಟ್ಟೆ, ನರಿಗೆ ಸಿಕ್ಕಿದ್ದು ಬರೆ. ಬೆತ್ತದ ಏಟಿಗೆ ಏಳುವುದು ಬಾಸುಂಡೆ, ನೇಗಿಲು ಬಿಟ್ಟುಹೋಗುವುದು ಸಾಲು. ಗುರುತು ಹೇಗೆ ಬಿತ್ತು ಎಂಬುದನ್ನು ಪದವೇ ಹೇಳಿಬಿಡುತ್ತದೆ. ಎಲ್ಲಕ್ಕೂ ‘ರೇಖೆ’ ಅಂದರೆ ಆ ಸುದ್ದಿಯೇ ಅಳಿಸಿಹೋಗುತ್ತದೆ.

ಶಾಸ್ತ್ರೀಯ ಪದ ಬೇಕೆಂದರೆ ಲ್ಯಾಟಿನ್ನಿನ ‘ಸ್ಟ್ರಿಯಾ’ ಇದೆ, ಭೂವಿಜ್ಞಾನಿಗಳೂ ವೈದ್ಯರೂ ಬಳಸುವುದು ಅದನ್ನೇ. ಆದರೆ ಅದರ ಅರ್ಥವೂ ತೋಡು, ಸಾಲು ಎಂದಷ್ಟೇ. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಅದನ್ನು ಬಳಸಿದ್ದು ಕಲ್ಲುಕಂಬದ ಮೈಮೇಲೆ ಉದ್ದುದ್ದ ಕೊರೆಯುವ ತೋಡುಗಳಿಗೆ: ಡೋರಿಕ್ ಎಂಬ ಶೈಲಿಯ ಕಂಬಕ್ಕೆ 20, ಅಯಾನಿಕ್ ಶೈಲಿಯ ಕಂಬಕ್ಕೆ 24. ಕಲ್ಲುಕುಟಿಗರ ಮಾತು ಅಲ್ಲಿ ಶಾಸ್ತ್ರವಾಗಬಹುದಾದರೆ ಇಲ್ಲಿ ಗೀರು ಏಕಾಗಬಾರದು?

ಒಂದು ಕಡೆ ಮಾತ್ರ ನಾನು ಗೀರು ಬಳಸಲಾರೆ. ಬಸುರಿಯ ಹೊಟ್ಟೆಯ ಮೇಲೆ ಮೂಡುವುದನ್ನೂ ವೈದ್ಯರು ಸ್ಟ್ರಿಯಾ ಎನ್ನುತ್ತಾರೆ. ಅಲ್ಲಿ ಹೊರಗಿನಿಂದ ಏನೂ ತಾಗಿಲ್ಲ. ಚರ್ಮ ಹಿಗ್ಗಿ ಒಳಪದರ ಬಿಟ್ಟುಕೊಂಡಿದೆ. ಅದಕ್ಕೆ ‘ಗೆರೆ’ ಸಾಕು.

ಅಂದಹಾಗೆ, ಅದೇ ಲೇಖನದ ಚಿತ್ರದ ಕೆಳಗೆ ‘ಬಂಡೆಯ ಮೇಲಿನ ಪಟ್ಟೆಗಳು’ ಎಂದು ಅಚ್ಚಾಗಿದೆ. ಪಟ್ಟೆ ಬಣ್ಣದ ಮಾತು, ಅಲ್ಲಿ ಸಲ್ಲದು. ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ, ತಪ್ಪು ನನ್ನದು.